ತರಗೆಲೆಯೇ ಮೂಲ ಆಹಾರ: ಐಸೊಪಾಡ್ ಸಾಕುವವರ ಪ್ರಶ್ನೆಗಳಿಗೆ ಉತ್ತರ

ಗಾಜಿನ ಪೆಟ್ಟಿಗೆಯಲ್ಲಿ ಮಣ್ಣು, ಪಾಚಿ, ಜರೀಗಿಡಗಳನ್ನು ಜೋಡಿಸಿ ವಿವೇರಿಯಂ ಬೆಳೆಸುವವರು ಅದರೊಳಗೆ ಕೊಳೆತದ್ದನ್ನು ತಿಂದು ಮಣ್ಣಿಗೆ ಸೇರಿಸುವ ಐಸೊಪಾಡ್‌ಗಳನ್ನು ಬಿಡುವುದು ಈಗ ರೂಢಿಯಾಗಿದೆ. ಕಲ್ಲಿನ ಅಡಿಯಲ್ಲಿ, ಹೂಕುಂಡದ ಕೆಳಗೆ ಕಾಣುವ, ಮುಟ್ಟಿದರೆ ಕೆಲವು ಉಂಡೆಯಾಗುವ, ಬೂದುಬಣ್ಣದ ಪುಟ್ಟ ಜೀವಿಗಳಿವು. ನೋಡಲು ಕೀಟದಂತಿದ್ದರೂ ಏಡಿ, ಸೀಗಡಿಗಳ ಬಳಗಕ್ಕೆ ಸೇರಿದವು; ಬೆಳೆದ ಜೀವಿಗೆ ಏಳು ಜೊತೆ ಕಾಲುಗಳು; ನೆಲದ ಮೇಲೆ ಬದುಕುವ ಪ್ರಭೇದಗಳೇ ಮೂರೂವರೆ ಸಾವಿರಕ್ಕಿಂತ ಹೆಚ್ಚು. ಇವುಗಳ ಆಹಾರದ ಬಗ್ಗೆ ಓದುಗರು ಕೇಳಿರುವ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಾಗಿ ತೆಗೆದುಕೊಳ್ಳಲಾಗಿದೆ.

ಪ್ರಶ್ನೆ: ಮಾನ್ಯರೇ, ಕೊಕೊಪೀಟ್ ತುಂಬಿದ ಡಬ್ಬದಲ್ಲಿ ಐಸೊಪಾಡ್‌ಗಳನ್ನು ಸಾಕಿದ್ದೇನೆ. ವಾರಕ್ಕೆ ಎರಡು ಬಾರಿ ಕ್ಯಾರೆಟ್, ಸೌತೆಕಾಯಿ ಹಾಕುತ್ತೇನೆ. ಅವು ತಿನ್ನುತ್ತವೆ, ಆದರೂ ಸಂಖ್ಯೆ ದಿನೇದಿನೇ ಕಡಿಮೆಯಾಗುತ್ತಿದೆ. ಏನು ಕೊರತೆ ಇರಬಹುದು?
– ಓದುಗರು, ಮೈಸೂರು

ಉತ್ತರ: ನಿಮ್ಮ ಪತ್ರದಲ್ಲಿ ತರಗೆಲೆಯ ಪ್ರಸ್ತಾಪವೇ ಇಲ್ಲ. ಕೊರತೆ ಅಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ. ಸೌತೆಕಾಯಿಯಲ್ಲಿ ಶೇಕಡಾ 95ರಷ್ಟು, ಕ್ಯಾರೆಟ್‌ನಲ್ಲಿ ಶೇಕಡಾ 88ರಷ್ಟು ನೀರೇ ಇರುತ್ತದೆ. ಕೊಕೊಪೀಟ್ ತೇವವನ್ನು ಹಿಡಿದಿಡುತ್ತದೆಯೇ ಹೊರತು ಅದರಲ್ಲಿ ಇವುಗಳಿಗೆ ದಕ್ಕುವ ಪೋಷಕಾಂಶ ತೀರ ಕಡಿಮೆ. ಹೀಗಾಗಿ ಎದುರಿಗಿಟ್ಟ ತರಕಾರಿಯನ್ನು ನಿಮ್ಮ ಐಸೊಪಾಡ್‌ಗಳು ತಿನ್ನುತ್ತಿದ್ದರೂ ಅವು ಅರೆಹೊಟ್ಟೆಯಲ್ಲಿಯೇ ಇವೆ.

ಕಾಡಿನಲ್ಲಿ ಇವುಗಳ ಆಹಾರವೆಂದರೆ ಮರದಿಂದ ಬಿದ್ದು, ಮಳೆಗೆ ನೆನೆದು, ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಹತ್ತಿ ಮೆತ್ತಗಾಗಿರುವ ಎಲೆ. ಆಗತಾನೇ ಬಿದ್ದ ಎಲೆಯಲ್ಲಿ ಟ್ಯಾನಿನ್ ಮುಂತಾದ ಒಗರು ರಾಸಾಯನಿಕಗಳು ತುಂಬಿರುತ್ತವೆ. ಇವು ಪ್ರೋಟೀನಿಗೆ ಅಂಟಿಕೊಂಡು ಅದು ಜೀರ್ಣವಾಗದಂತೆ ತಡೆಯುತ್ತವೆ. ಎಲೆ ಕೆಲವು ವಾರ ತೇವದಲ್ಲಿ ಬಿದ್ದಿದ್ದರೆ ಈ ರಾಸಾಯನಿಕಗಳು ನೀರಿನಲ್ಲಿ ಕರಗಿ ಹೋಗುತ್ತವೆ ಮತ್ತು ಎಲೆಯ ಮೇಲೂ ಒಳಗೂ ಹಬ್ಬುವ ಸೂಕ್ಷ್ಮಜೀವಿಗಳಿಂದಾಗಿ ಅದರಲ್ಲಿರುವ ಸಾರಜನಕದ ಪ್ರಮಾಣ ಏರುತ್ತದೆ. ಐಸೊಪಾಡ್‌ಗಳು ಮೀಸೆಗಳಿಂದ ಮುಟ್ಟಿ, ವಾಸನೆ ಹಿಡಿದು, ಹೊಸ ಎಲೆಯನ್ನು ಬಿಟ್ಟು ಕೊಳೆತ ಎಲೆಯನ್ನೇ ಆರಿಸಿಕೊಳ್ಳುವುದಕ್ಕೆ ಕಾರಣ ಇದೇ. ಎಲೆಯ ಸೆಲ್ಯುಲೋಸನ್ನು ಒಡೆಯುವ ಕೆಲಸವೂ ಅವುಗಳ ಸ್ವಂತ ಜೀರ್ಣರಸದಿಂದ ಪೂರ್ತಿಯಾಗಿ ಆಗುವುದಿಲ್ಲ. ಎಲೆಯೊಡನೆ ಹೊಟ್ಟೆ ಸೇರುವ ಸೂಕ್ಷ್ಮಜೀವಿಗಳೂ ಜೀರ್ಣಗ್ರಂಥಿಯ ನಳಿಕೆಗಳಲ್ಲಿ ಬೀಡುಬಿಟ್ಟಿರುವ ಬ್ಯಾಕ್ಟೀರಿಯಾಗಳೂ ಅದರಲ್ಲಿ ಪಾಲುಗೊಳ್ಳುತ್ತವೆ. ಕೊಳೆಯುವಿಕೆ ನಡೆಯದ ಡಬ್ಬದಲ್ಲಿ ಇವು ನೆಮ್ಮದಿಯಿಂದ ಬದುಕಲಾರವು ಎಂಬುದನ್ನು ಸಾಕುವವರು ಮೊದಲು ಮನಗಾಣಬೇಕು.

ಮಾಡಬೇಕಾದದ್ದು ಹೀಗೆ. ಡಬ್ಬದ ತಳದಲ್ಲಿ ಎರಡು ಮೂರು ಅಂಗುಲ ದಪ್ಪಕ್ಕೆ ರಾಸಾಯನಿಕ ಸೇರದ ತೋಟದ ಮಣ್ಣು, ಚೆನ್ನಾಗಿ ಕಳಿತ ಎಲೆಗೊಬ್ಬರ ಮತ್ತು ಪುಡಿ ಮಾಡಿದ ಕೊಳೆತ ಮರವನ್ನು ಬೆರೆಸಿ ಹರಡಿರಿ. ಈಗಿರುವ ಕೊಕೊಪೀಟನ್ನು ಅದರೊಡನೆ ಸೇರಿಸಬಹುದು. ಅದರ ಮೇಲೆ ನೆಲ ಕಾಣದಷ್ಟು ದಪ್ಪವಾಗಿ ತರಗೆಲೆ ಇರಲಿ. ಮರವನ್ನು ಆರಿಸುವಾಗ ಬಣ್ಣವನ್ನು ಗಮನಿಸಿರಿ. ಕೆಲವು ಶಿಲೀಂಧ್ರಗಳು ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಅಂಶವನ್ನು ಕರಗಿಸುತ್ತವೆ; ಅಂಥ ಮರ ಬಿಳಿಚಿಕೊಂಡು, ಎಳೆಎಳೆಯಾಗಿ, ಬೆರಳಿನಲ್ಲಿ ಹಿಸುಕಿದರೆ ಬಿಡಿಸಿಕೊಳ್ಳುತ್ತದೆ. ಇದನ್ನು ಇವು ಬಹಳ ಇಷ್ಟಪಡುತ್ತವೆ. ಇನ್ನು ಕೆಲವು ಶಿಲೀಂಧ್ರಗಳು ಸೆಲ್ಯುಲೋಸನ್ನು ತಾವೇ ಮುಗಿಸಿ ಲಿಗ್ನಿನ್ನನ್ನು ಉಳಿಸುತ್ತವೆ. ಕಂದುಬಣ್ಣದ ಚೌಕಚೌಕ ತುಂಡುಗಳಾಗಿ ಒಡೆಯುವ ಆ ಮರದಲ್ಲಿ ತಿನ್ನುವಂಥದ್ದು ಹೆಚ್ಚೇನೂ ಉಳಿದಿರುವುದಿಲ್ಲ. ತರಕಾರಿಯನ್ನು ನಿಲ್ಲಿಸಬೇಕಾಗಿಲ್ಲ. ಸಿಹಿಗುಂಬಳ, ಹೀರೆಕಾಯಿ, ಕ್ಯಾರೆಟ್ ಇವುಗಳನ್ನು ಸಿಪ್ಪೆ ತೆಗೆದು, ತೊಳೆದು, ಸಣ್ಣ ತುಂಡಾಗಿ ಆಗೊಮ್ಮೆ ಈಗೊಮ್ಮೆ ಕೊಡಿರಿ; ಆದರೆ ಅದನ್ನೇ ಊಟವೆಂದು ನಂಬಬೇಡಿರಿ.

ಇನ್ನೊಂದು ಮಾತು. ಕೀಟಗಳ ಮೈಮೇಲಿರುವಂಥ ಮೇಣದ ಪದರ ಐಸೊಪಾಡ್‌ಗಳಿಗೆ ಇಲ್ಲದಿರುವುದರಿಂದ ಒಣ ಜಾಗದಲ್ಲಿ ಅವುಗಳ ಮೈಯ ನೀರು ಬೇಗ ಆರುತ್ತದೆ. ಒಣಗಿ ಗರಿಗರಿಯಾದ ಎಲೆಯನ್ನು ಅವು ತಿನ್ನಲಾರವು. ಡಬ್ಬದ ಒಂದು ಬದಿಯಲ್ಲಿ ಪಾಚಿ ಇಟ್ಟು ಸದಾ ತೇವವಾಗಿಡಿರಿ, ಇನ್ನೊಂದು ಬದಿ ಸ್ವಲ್ಪ ಆರಿರಲಿ. ಎಲ್ಲಿ ಇರಬೇಕೆಂಬುದನ್ನು ಅವೇ ಆಯ್ದುಕೊಳ್ಳುತ್ತವೆ.

ಪ್ರಶ್ನೆ: ಯಾವ ಯಾವ ಮರದ ಎಲೆಗಳು ಸೂಕ್ತ? ತಂದ ಎಲೆಯನ್ನು ಕುದಿಸಿ ಹಾಕಬೇಕೆಂದು ಕೆಲವರು, ಹಾಗೆಯೇ ಹಾಕಬೇಕೆಂದು ಕೆಲವರು ಹೇಳುತ್ತಾರೆ. ಯಾವುದು ಸರಿ?
– ಓದುಗರು, ಬೆಂಗಳೂರು

ಉತ್ತರ: ಅಗಲ ಎಲೆಯ ಮರಗಳಿಂದ ತಾನಾಗಿ ಉದುರಿದ ಎಲೆಗಳು ಸಾಮಾನ್ಯವಾಗಿ ಸೂಕ್ತ. ಬೆಂಗಳೂರಿನ ಬಡಾವಣೆಗಳಲ್ಲಿ ಕಾಣುವ ಬಾದಾಮಿ ಮರದ ದೊಡ್ಡ ಕೆಂಪೆಲೆಯನ್ನು ಅಕ್ವೇರಿಯಂ ಅಂಗಡಿಗಳಲ್ಲಿ ಮಾರುತ್ತಾರೆ. ಐಸೊಪಾಡ್ ಸಾಕುವವರೂ ಅದನ್ನು ಹೆಚ್ಚಾಗಿ ಬಳಸುತ್ತಾರೆ. ಹಲಸು, ಮಾವು, ಸೀಬೆ, ಅರಳಿ, ಅತ್ತಿಯ ಎಲೆಗಳನ್ನೂ ಬಳಸಬಹುದು. ಮಾವು ಮತ್ತು ಹಲಸಿನ ಎಲೆ ಚರ್ಮದಂತೆ ದಪ್ಪವಾಗಿರುವುದರಿಂದ ಕೊಳೆಯಲು ಹೆಚ್ಚು ಸಮಯ ಬೇಕು. ತೆಳುವಾದ ಎಲೆ ಬೇಗ ಮುಗಿಯುತ್ತದೆ. ಎರಡನ್ನೂ ಬೆರೆಸಿ ಹಾಕಿದರೆ ಈಗಿನ ಆಹಾರವೂ ಮುಂದಿನ ಆಹಾರವೂ ಒಟ್ಟಿಗೆ ಇರುತ್ತವೆ. ನೀಲಗಿರಿ, ಸರ್ವೆ, ನಿಂಬೆ ಜಾತಿಯ ಗಿಡಗಳ ಎಲೆಗಳು ಬೇಡ. ಬೇವಿನ ಎಲೆಯನ್ನಂತೂ ಹತ್ತಿರ ತರಬೇಡಿರಿ. ಬೇವಿನಲ್ಲಿರುವ ಅಜಡಿರಕ್ಟಿನ್ ಕೀಟಗಳ ಪೊರೆ ಕಳಚುವ ಪ್ರಕ್ರಿಯೆಯನ್ನೇ ಕೆಡಿಸುವ ವಸ್ತು, ಮತ್ತು ಜೀವಮಾನವಿಡೀ ಪೊರೆ ಕಳಚುವ ಐಸೊಪಾಡ್‌ಗಳ ಮೇಲೆ ಅದನ್ನು ಪರೀಕ್ಷಿಸುವ ಅಗತ್ಯ ಯಾರಿಗೂ ಇಲ್ಲ.

ಎಲೆಯ ಜಾತಿಗಿಂತ ಅದು ಬಿದ್ದ ಜಾಗ ಹೆಚ್ಚು ಮುಖ್ಯ ಎಂಬುದು ನನ್ನ ಅನಿಸಿಕೆ. ನಗರಗಳಲ್ಲಿ ಸೊಳ್ಳೆಗಳ ನಿಯಂತ್ರಣಕ್ಕಾಗಿ ಕೀಟನಾಶಕದ ಹೊಗೆ ಹಾಕುವ ಬೀದಿಗಳಿಂದ, ಔಷಧಿ ಸಿಂಪಡಿಸುವ ಉದ್ಯಾನಗಳಿಂದ, ವಾಹನಗಳ ಮಸಿ ಕವಿಯುವ ರಸ್ತೆಬದಿಯಿಂದ ಎಲೆ ತರಬಾರದು. ಊರಿನಲ್ಲಿ ನೆಂಟರ ತೋಟವಿದ್ದರೆ, ಸಿಂಪಡಣೆ ಆಗಿಲ್ಲವೆಂದು ಕೇಳಿ ತಿಳಿದು, ಒಂದು ಚೀಲ ತಂದಿಟ್ಟುಕೊಂಡರೆ ಬಹಳ ಕಾಲಕ್ಕೆ ಸಾಕಾಗುತ್ತದೆ. ಮಲೆನಾಡಿನಲ್ಲಿ ದರಗು ಗುಡಿಸುವವರಿಗೆ ಗೊತ್ತಿರುವಂತೆ ಮೇಲಿನ ಪದರ ಗರಿಗರಿಯಾಗಿದ್ದರೂ ಕೆಳಗಿನ ಪದರ ಕಪ್ಪಾಗಿ, ಮಣ್ಣಿನ ವಾಸನೆ ಬೀರುತ್ತ, ಬಿಳಿಯ ಶಿಲೀಂಧ್ರದ ಎಳೆಗಳಿಂದ ಹೆಣೆದುಕೊಂಡಿರುತ್ತದೆ. ನಿಮಗೆ ಬೇಕಾದದ್ದು ಆ ಕೆಳಗಿನ ಪದರ. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಿಂದ ಅನುಮತಿಯಿಲ್ಲದೆ ಎಲೆಯನ್ನಾಗಲಿ ಜೀವಿಯನ್ನಾಗಲಿ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಎಂಬುದನ್ನೂ ನೆನಪಿಡಿರಿ.

ಕುದಿಸುವ ವಿಚಾರದಲ್ಲಿ ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ. ಹಾಗೆಯೇ ಹಾಕಿದ ಎಲೆಯೊಡನೆ ಶತಪದಿ, ಜೇಡ, ಇರುವೆಗಳು ಒಳಬಂದು ಮರಿಗಳನ್ನು ತಿಂದುಹಾಕಬಹುದು. ಕುದಿಸಿದರೆ ಅವು ಸಾಯುತ್ತವೆ, ಒಗರೂ ಇಳಿಯುತ್ತದೆ. ಆದರೆ ಎಲೆಯನ್ನು ಆಹಾರವಾಗಿಸುವ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಆದ್ದರಿಂದ ಕುದಿಸಿದ ಎಲೆಯನ್ನು ನೀರು ಬಸಿದು, ಡಬ್ಬದ ಹಳೆಯ ಮಣ್ಣಿನ ಒಂದು ಹಿಡಿಯನ್ನು ಬೆರೆಸಿ, ಗಾಳಿಯಾಡುವ ಪಾತ್ರೆಯಲ್ಲಿ ಎರಡು ಮೂರು ವಾರ ತೇವವಾಗಿಟ್ಟು ಆಮೇಲೆ ಬಳಸಿರಿ. ಆ ಹೊತ್ತಿಗೆ ಎಲೆಯ ಮೇಲೆ ಜೀವ ಮರಳಿರುತ್ತದೆ.

ಪ್ರಶ್ನೆ: ಒಣ ಸೀಗಡಿಯನ್ನು ಪ್ರೋಟೀನಿಗಾಗಿ ಕೊಡಬಹುದೇ? ಮಳೆಗಾಲದಲ್ಲಿ ಏನು ಹಾಕಿದರೂ ಮರುದಿನವೇ ಬೂಷ್ಟು ಹಿಡಿಯುತ್ತದೆ, ಬಿಳಿಯ ನುಸಿಗಳೂ ಬರುತ್ತವೆ.
– ಓದುಗರು, ಉಡುಪಿ

ಉತ್ತರ: ಕೊಡಬಹುದು, ಆದರೆ ಕರಾವಳಿಯ ಮಾರುಕಟ್ಟೆಯಲ್ಲಿ ಸಿಗುವ ಒಣಮೀನಿಗೆ ಉಪ್ಪು ಹಾಕಿ ಒಣಗಿಸಿರುತ್ತಾರೆ, ಸೀಗಡಿಯಲ್ಲಿಯೂ ಉಪ್ಪಿನಂಶ ಇರುತ್ತದೆ. ಒಣಮೀನು ಬೇಡವೇ ಬೇಡ. ಸೀಗಡಿಯನ್ನು ನೀರಿನಲ್ಲಿ ನೆನೆಸಿ, ಎರಡು ಮೂರು ಬಾರಿ ನೀರು ಚೆಲ್ಲಿ, ಒಣಗಿಸಿ, ಪುಡಿ ಮಾಡಿ ಇಟ್ಟುಕೊಳ್ಳಿರಿ. ಅಕ್ವೇರಿಯಂ ಮೀನುಗಳಿಗೆ ಹಾಕುವ ಚಕ್ಕೆಯಂಥ ಆಹಾರವೂ ಒಳ್ಳೆಯದೇ. ಅದರಲ್ಲಿ ಪ್ರೋಟೀನಿನೊಡನೆ ಖನಿಜ ಮತ್ತು ವಿಟಮಿನ್‌ಗಳೂ ಇರುತ್ತವೆ.

ಎಷ್ಟು ಕೊಡಬೇಕೆಂಬುದು ಪ್ರಭೇದವನ್ನು ಅವಲಂಬಿಸಿದೆ. ಪೋರ್ಸೆಲಿಯೊ ಲೇವಿಸ್‌ನಂತೆ ಬೇಗ ಬೆಳೆದು ಬೇಗ ಮರಿಮಾಡುವ ದೊಡ್ಡ ಪ್ರಭೇದಗಳು ಪ್ರೋಟೀನಿಗಾಗಿ ಹಾತೊರೆಯುತ್ತವೆ. ಅದು ಸಾಲದಿದ್ದರೆ ಪೊರೆ ಕಳಚಿ ಮೆತ್ತಗಿರುವ ತಮ್ಮವರನ್ನೇ ಕಚ್ಚಿ ತಿನ್ನುವುದುಂಟು. ಅರ್ಮಡಿಲಿಡಿಯಂ ಮತ್ತು ಕ್ಯುಬಾರಿಸ್ ಕುಲದವುಗಳಿಗೆ ಅಷ್ಟು ಬೇಕಾಗುವುದಿಲ್ಲ. ವಾರಕ್ಕೊಮ್ಮೆ, ಒಂದು ರಾತ್ರಿಯಲ್ಲಿ ತಿಂದು ಮುಗಿಸುವಷ್ಟು ಎಂಬ ಅಳತೆಯಿಂದ ಆರಂಭಿಸಿರಿ. ಬೆಳಿಗ್ಗೆ ಉಳಿದಿದ್ದರೆ ಮುಂದಿನ ಬಾರಿ ಅರ್ಧಕ್ಕೆ ಇಳಿಸಿರಿ, ಕ್ಷಣದಲ್ಲಿ ಮುಗಿದು ಮತ್ತೆ ಹುಡುಕಾಡುತ್ತಿದ್ದರೆ ತುಸು ಹೆಚ್ಚಿಸಿರಿ. ಇವು ಇರುಳಿನ ಜೀವಿಗಳಾದ್ದರಿಂದ ಸಂಜೆ ಕತ್ತಲಾದ ಮೇಲೆ ಹಾಕುವುದು ಸರಿಯಾದ ಕ್ರಮ. ಹಗಲಿನಲ್ಲಿ ಹಾಕಿದ ಆಹಾರ ಹತ್ತು ಗಂಟೆ ಸುಮ್ಮನೆ ಬಿದ್ದಿರುತ್ತದೆ, ಅಷ್ಟರಲ್ಲಿ ಬೂಷ್ಟು ಅದನ್ನು ವಶಪಡಿಸಿಕೊಂಡಿರುತ್ತದೆ.

ಮಳೆಗಾಲದ ತೊಂದರೆಗೆ ಮೂರು ಉಪಾಯಗಳಿವೆ. ಆಹಾರವನ್ನು ಮಣ್ಣಿನ ಮೇಲೆ ಚೆಲ್ಲದೆ, ಡಬ್ಬದ ಒಣ ಬದಿಯಲ್ಲಿ ಮರದ ತೊಗಟೆಯ ತುಂಡೊಂದರ ಮೇಲೆ ಇಡಿರಿ. ಉಳಿದದ್ದನ್ನು ತೊಗಟೆಸಹಿತ ಎತ್ತಿ ತೆಗೆಯಬಹುದು. ಡಬ್ಬದ ಎರಡು ಬದಿಗಳಲ್ಲಿ ಎದುರುಬದುರಾಗಿ ಗಾಳಿಕಿಂಡಿಗಳಿರಲಿ. ಐಸೊಪಾಡ್‌ಗಳು ಪ್ರೋಟೀನಿನ ತ್ಯಾಜ್ಯವನ್ನು ಅಮೋನಿಯಾ ಅನಿಲವಾಗಿ ಹೊರಬಿಡುವುದರಿಂದ ಗಾಳಿಯಾಡದ ಡಬ್ಬದಲ್ಲಿ ಅತಿಯಾದ ಪ್ರೋಟೀನ್ ಬೂಷ್ಟಿನಿಂದಲೂ ಅಮೋನಿಯಾದಿಂದಲೂ, ಹೀಗೆ ಎರಡು ಬಗೆಯಲ್ಲಿ ಕೇಡು ಮಾಡುತ್ತದೆ. ಮೂರನೆಯದಾಗಿ, ಬೂಷ್ಟನ್ನೇ ತಿಂದು ಬದುಕುವ ಸ್ಪ್ರಿಂಗ್‌ಟೇಲ್ ಎಂಬ ಅತಿ ಚಿಕ್ಕ ಬಿಳಿಯ ಜೀವಿಗಳನ್ನು ಜೊತೆಗೆ ಬಿಡಿರಿ. ಅವನ್ನು ನುಸಿಯೆಂದು ತಪ್ಪಾಗಿ ತಿಳಿದು ಕೊಲ್ಲುವವರಿದ್ದಾರೆ: ಮುಟ್ಟಿದೊಡನೆ ಜಿಗಿಯುವುದು ಸ್ಪ್ರಿಂಗ್‌ಟೇಲ್, ದುಂಡಗೆ, ನಿಧಾನವಾಗಿ, ಆಹಾರದ ಮೇಲೆ ಪುಡಿಯಂತೆ ಮುತ್ತುವುದು ನುಸಿ. ನುಸಿ ಬಂದರೆ ಒಂದೆರಡು ವಾರ ಪ್ರೋಟೀನನ್ನು ಪೂರ್ತಿ ನಿಲ್ಲಿಸಿ ಡಬ್ಬವನ್ನು ಸ್ವಲ್ಪ ಆರಲು ಬಿಟ್ಟರೆ ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ತರಗೆಲೆ ಸಾಕಷ್ಟಿದ್ದರೆ ಈ ಎರಡು ವಾರದಲ್ಲಿ ಯಾವ ಐಸೊಪಾಡೂ ಹಸಿಯುವುದಿಲ್ಲ.

ಪ್ರಶ್ನೆ: ನನ್ನ ಬಳಿಯಿರುವ ಕೆಲವು ಐಸೊಪಾಡ್‌ಗಳ ಮೈ ಅರ್ಧ ಕಪ್ಪು, ಅರ್ಧ ಬಿಳಿಯಾಗಿದೆ. ಇದು ಸುಣ್ಣದಂಶದ ಕೊರತೆಯಿಂದ ಬರುವ ರೋಗವೇ? ಎಲೆಯಡಿಕೆಯ ಸುಣ್ಣ ಅಥವಾ ಶಾಲೆಯ ಸೀಮೆಸುಣ್ಣ ಹಾಕಬಹುದೇ?
– ಓದುಗರು, ಧಾರವಾಡ

ಉತ್ತರ: ಇದು ರೋಗವಲ್ಲ, ಪೊರೆ ಕಳಚುವ ಸಹಜ ಕ್ರಮ. ಐಸೊಪಾಡ್‌ಗಳು ಒಂದೇ ಬಾರಿಗೆ ಇಡೀ ಪೊರೆಯನ್ನು ಬಿಡುವುದಿಲ್ಲ. ಮೊದಲು ಹಿಂಭಾಗದ ಪೊರೆ ಕಳಚುತ್ತದೆ. ಒಂದೆರಡು ದಿನಗಳ ಬಳಿಕ, ಹಿಂಭಾಗ ಸ್ವಲ್ಪ ಗಟ್ಟಿಯಾದ ಮೇಲೆ, ಮುಂಭಾಗದ್ದು ಕಳಚುತ್ತದೆ. ನೀವು ಕಂಡದ್ದು ಈ ನಡುವಿನ ಸ್ಥಿತಿ. ಹೀಗೆ ಎರಡು ಕಂತುಗಳಲ್ಲಿ ನಡೆಯುವುದರಿಂದ ಅವುಗಳ ಮೈ ಎಂದಿಗೂ ಪೂರ್ತಿ ಮೆತ್ತಗಾಗುವುದಿಲ್ಲ, ಓಡಾಟ ಪೂರ್ತಿ ನಿಲ್ಲುವುದಿಲ್ಲ.

ಇದರ ಹಿಂದೆ ಕ್ಯಾಲ್ಸಿಯಂ ನಿರ್ವಹಣೆಯ ಒಂದು ಅದ್ಭುತ ವ್ಯವಸ್ಥೆಯಿದೆ. ಐಸೊಪಾಡ್‌ನ ಕವಚವನ್ನು ಗಟ್ಟಿಗೊಳಿಸುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಸಮುದ್ರದಲ್ಲಿ ಬದುಕುವ ಏಡಿಗೆ ಕಳೆದುಕೊಂಡ ಕ್ಯಾಲ್ಸಿಯಂ ನೀರಿನಿಂದಲೇ ಮತ್ತೆ ದೊರೆಯುತ್ತದೆ, ನೆಲದ ಮೇಲಿನ ಈ ಬಂಧುವಿಗೆ ಆ ಅನುಕೂಲವಿಲ್ಲ. ಆದ್ದರಿಂದ ಪೊರೆ ಕಳಚುವ ಮೊದಲು ಅದು ಹಿಂಭಾಗದ ಕವಚದಿಂದ ಕ್ಯಾಲ್ಸಿಯಂ ಅನ್ನು ಹೀರಿ ತೆಗೆದು, ಎದೆಯ ಮುಂಭಾಗದ ಅಡಿಯಲ್ಲಿ ಬೇಗ ಕರಗಬಲ್ಲ ರೂಪದಲ್ಲಿ ಶೇಖರಿಸಿಕೊಳ್ಳುತ್ತದೆ. ಪಾರದರ್ಶಕ ಡಬ್ಬದ ಗೋಡೆಯ ಮೇಲೆ ಹತ್ತಿದ ಐಸೊಪಾಡನ್ನು ಹೊರಗಿನಿಂದ ನೋಡಿದರೆ ಮುಂದಿನ ಕಾಲುಗಳ ನಡುವೆ ಬಿಳಿಯ ಮಚ್ಚೆಗಳು ಕಾಣುತ್ತವೆ. ಪೊರೆ ಕಳಚುವ ದಿನ ಹತ್ತಿರವಿದೆ ಎಂಬುದಕ್ಕೆ ಅದೇ ಗುರುತು. ಹಿಂಭಾಗ ಕಳಚಿದ ಮೇಲೆ ಈ ಸಂಗ್ರಹ ಕರಗಿ ಹೊಸ ಕವಚಕ್ಕೆ ಸೇರುತ್ತದೆ. ಕಳಚಿದ ಪೊರೆಯನ್ನೂ ಅದು ತಿಂದುಬಿಡುತ್ತದೆ. ಹೀಗಾಗಿ ಬಿಳಿಯ ಪೊರೆಗಳನ್ನು ಕಸವೆಂದು ಆಯ್ದು ತೆಗೆಯಬೇಡಿರಿ.

ಇಷ್ಟೆಲ್ಲ ಉಳಿಸಿಕೊಂಡರೂ ಸ್ವಲ್ಪ ನಷ್ಟವಾಗುತ್ತದೆ, ಬೆಳೆಯುವ ಮರಿಗಳಿಗೂ ಹೊಸದಾಗಿ ಬೇಕು. ಆದರೆ ಎಲೆಯಡಿಕೆಯ ಸುಣ್ಣವನ್ನು ಖಂಡಿತ ಹಾಕಬೇಡಿರಿ. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ತೇವದಲ್ಲಿ ತೀವ್ರ ಕ್ಷಾರವಾಗಿ ಮೃದುವಾದ ಜೀವಿಯನ್ನು ಸುಡುತ್ತದೆ. ಸೀಮೆಸುಣ್ಣವಾಗಿ ಸಿಗುವುದು ಬಹುಮಟ್ಟಿಗೆ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಅದೂ ನಿಮಗೆ ಬೇಕಾದ ವಸ್ತುವಲ್ಲ. ತೊಳೆದು, ಒಳಪೊರೆ ತೆಗೆದು, ಒಣಗಿಸಿ ಪುಡಿ ಮಾಡಿದ ಮೊಟ್ಟೆಯ ಚಿಪ್ಪು ಸಾಕು. ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರಫೇನವೆಂದು ಸಿಗುವ, ಕಡಲಜೀವಿಯೊಂದರ ಒಳಚಿಪ್ಪಾಗಿರುವ ಬಿಳಿಯ ಹಗುರ ಫಲಕ ಇನ್ನೂ ಒಳ್ಳೆಯದು, ಏಕೆಂದರೆ ಅವು ಅದನ್ನು ಸುಲಭವಾಗಿ ಕೆರೆದು ತಿನ್ನಬಲ್ಲವು. ಒಂದು ತುಂಡನ್ನು ಸದಾ ಡಬ್ಬದಲ್ಲಿಟ್ಟಿರಿ. ಬೇಕಾದಾಗ ಬೇಕಾದಷ್ಟು ತಿನ್ನುತ್ತವೆ. ಥಾಯ್ಲೆಂಡಿನ ಸುಣ್ಣಕಲ್ಲಿನ ಪ್ರದೇಶದಿಂದ ಬಂದ 'ರಬ್ಬರ್ ಡಕ್ಕಿ' ಎಂಬ ಕ್ಯುಬಾರಿಸ್ ನಿಮ್ಮಲ್ಲಿದ್ದರೆ ಸುಣ್ಣಕಲ್ಲಿನ ಚೂರುಗಳನ್ನೂ ಮಣ್ಣಿನಲ್ಲಿ ಸೇರಿಸಿರಿ.

ಪ್ರಶ್ನೆ: ಅವು ತಮ್ಮ ಹಿಕ್ಕೆಯನ್ನೇ ತಿನ್ನುವುದನ್ನು ನೋಡಿ ಗಾಬರಿಯಾಯಿತು. ತಿಂಗಳಿಗೊಮ್ಮೆ ಡಬ್ಬವನ್ನು ಪೂರ್ತಿ ತೊಳೆದು ಮಣ್ಣು ಬದಲಿಸಬೇಕೇ?
– ಓದುಗರು, ಶಿವಮೊಗ್ಗ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿರಿ. ಹಿಕ್ಕೆ ತಿನ್ನುವುದು ಅವುಗಳ ಆಹಾರಕ್ರಮದ ಒಂದು ಭಾಗ. ತಿಂದ ಎಲೆಯ ಬಹುಪಾಲು ಅರೆಯಾಗಿ ಜೀರ್ಣಗೊಂಡು ಚಪ್ಪಟೆಯಾದ ಪುಟ್ಟ ಹಿಕ್ಕೆಯಾಗಿ ಹೊರಬೀಳುತ್ತದೆ. ನುಣ್ಣಗೆ ಅರೆದ ಆ ಪುಡಿಯ ಮೇಲೆ ಬ್ಯಾಕ್ಟೀರಿಯಾಗಳು ಮತ್ತೆ ಬೆಳೆಯುತ್ತವೆ, ಎರಡನೆಯ ಬಾರಿ ತಿಂದಾಗ ಮೊದಲು ದಕ್ಕದ ಸತ್ವ ದಕ್ಕುತ್ತದೆ. ಎಲೆಯ ಗುಣಮಟ್ಟ ಕಡಿಮೆಯಿದ್ದಷ್ಟೂ ಹಿಕ್ಕೆಯನ್ನು ಹೆಚ್ಚು ಅವಲಂಬಿಸುತ್ತವೆ. ಇವುಗಳ ರಕ್ತದಲ್ಲಿ ಆಮ್ಲಜನಕವನ್ನು ಒಯ್ಯುವ ಹೀಮೊಸಯನಿನ್ ಎಂಬ ಪ್ರೋಟೀನಿಗೆ ತಾಮ್ರ ಬೇಕು. ನಮ್ಮ ರಕ್ತಕ್ಕೆ ಕಬ್ಬಿಣ ಬೇಕಾದಂತೆ. ಎಲೆಯಲ್ಲಿ ಬಂಧಿತವಾಗಿರುವ ತಾಮ್ರ ಹಿಕ್ಕೆಯಲ್ಲಿನ ಸೂಕ್ಷ್ಮಜೀವಿಗಳ ಕೆಲಸದಿಂದ ಬಿಡುಗಡೆಯಾಗುತ್ತದೆ, ಹಿಕ್ಕೆ ತಿನ್ನುವುದಕ್ಕೆ ಅದೂ ಕಾರಣವಿರಬಹುದು ಎಂಬ ವಿಚಾರವನ್ನು ಆಸ್ಟ್ರಿಯಾದ ಪ್ರಾಣಿವಿಜ್ಞಾನಿ ವೋಲ್ಫ್‌ಗಾಂಗ್ ವೀಸರ್ 1960ರ ದಶಕದಲ್ಲಿ ಮುಂದಿಟ್ಟರು. ತಾಮ್ರಕ್ಕಿಂತ ಸೂಕ್ಷ್ಮಜೀವಿಗಳ ಪೋಷಕಾಂಶವೇ ಮುಖ್ಯ ಕಾರಣವೆಂದು ಆಮೇಲಿನ ಕೆಲವರು ವಾದಿಸಿದ್ದಾರೆ. ಕಾರಣ ಯಾವುದಿದ್ದರೂ ಸಾಕುವವರಿಗೆ ಸಿಗುವ ಸೂಚನೆ ಒಂದೇ: ಹಿಕ್ಕೆಯನ್ನು ಅಲ್ಲಿಯೇ ಬಿಡಿರಿ.

ಮರಿಗಳ ದೃಷ್ಟಿಯಿಂದ ಇದು ಇನ್ನೂ ಮುಖ್ಯ. ಹೆಣ್ಣು ತನ್ನ ಹೊಟ್ಟೆಯಡಿಯ ದ್ರವ ತುಂಬಿದ ಚೀಲದಲ್ಲಿ ಮೊಟ್ಟೆಗಳನ್ನು ಹೊತ್ತು, ಆರು ಜೊತೆ ಕಾಲುಗಳ ಬಿಳಿಯ ಮರಿಗಳನ್ನು ಹೊರಬಿಡುತ್ತದೆ. ಏಳನೆಯ ಜೊತೆ ಪೊರೆ ಕಳಚಿದ ಮೇಲೆ ಮೂಡುತ್ತದೆ. ಈ ಮರಿಗಳು ನೀವು ಮೇಲಿಟ್ಟ ಆಹಾರದ ಬಳಿಗೆ ಬರುವುದು ವಿರಳ. ಮಣ್ಣಿನಲ್ಲಿಯೇ ಅಡಗಿದ್ದು ಎಲೆಯ ಪುಡಿ, ಶಿಲೀಂಧ್ರದ ಎಳೆ, ದೊಡ್ಡವುಗಳ ಹಿಕ್ಕೆ ತಿಂದು ಬೆಳೆಯುತ್ತವೆ. ಮಣ್ಣು ಬದಲಿಸುವವರು ಮರಿಗಳನ್ನೂ ಅವುಗಳ ಆಹಾರವನ್ನೂ ಒಟ್ಟಿಗೆ ಹೊರಗೆ ಚೆಲ್ಲುತ್ತಾರೆ. ಮಣ್ಣು ಪೂರ್ತಿ ಹಿಕ್ಕೆಯಾಗಿ ನೀರು ಹಿಂಗದೆ ಅಂಟಾದಾಗ, ಮೂರನೇ ಒಂದು ಭಾಗವನ್ನಷ್ಟೇ ತೆಗೆದು ಹೊಸದನ್ನು ಸೇರಿಸಿರಿ. ತೆಗೆದದ್ದು ಗಿಡಗಳಿಗೆ ಉತ್ತಮ ಗೊಬ್ಬರ.

ಪ್ರಶ್ನೆ: ಟೆರೇರಿಯಂನ ಪಾಚಿ ಮತ್ತು ಚಿಗುರುಗಳನ್ನು ಐಸೊಪಾಡ್‌ಗಳು ತಿನ್ನುತ್ತಿವೆ. ಅವು ಸತ್ತ ಎಲೆಯನ್ನು ಮಾತ್ರ ತಿನ್ನುತ್ತವೆ ಎಂದು ಕೇಳಿದ್ದೆ.
– ಓದುಗರು, ಬೆಂಗಳೂರು

ಉತ್ತರ: ಸತ್ತ ಎಲೆ ಅವುಗಳ ಮೊದಲ ಆಯ್ಕೆ, ಒಂದೇ ಆಯ್ಕೆಯಲ್ಲ. ಉಳುಮೆ ಮಾಡದೆ ಬಿತ್ತುವ ಹೊಲಗಳಲ್ಲಿ ಅರ್ಮಡಿಲಿಡಿಯಂ ವಲ್ಗೇರ್ ಸೋಯಾಬೀನ್ ಮೊಳಕೆಗಳನ್ನು ಕಡಿದು ಹಾಳುಮಾಡಿದ್ದು ಅರ್ಜೆಂಟೀನಾದಲ್ಲಿ ದಾಖಲಾಗಿದೆ. ನಿಮ್ಮ ಪೆಟ್ಟಿಗೆಯಲ್ಲಿ ತರಗೆಲೆ ಮುಗಿದು, ಐಸೊಪಾಡ್‌ಗಳ ಸಂಖ್ಯೆ ಮಾತ್ರ ಏರಿರಬೇಕು. ನೋಡಲು ಅಂದವಾಗಿರಲೆಂದು ಹಸಿರು ಪಾಚಿಯನ್ನಷ್ಟೇ ಹಾಸಿ, ಒಣ ಎಲೆಯನ್ನು ಕಸವೆಂದು ಗುಡಿಸಿ ತೆಗೆಯುವ ಟೆರೇರಿಯಂಗಳಲ್ಲಿ ಈ ತೊಂದರೆ ಹೆಚ್ಚು. ಹಿಂಬದಿಯ ಮೂಲೆಯಲ್ಲಾದರೂ ಎಲೆಯ ರಾಶಿಯೊಂದು ಇರಲಿ, ಸಮುದ್ರಫೇನದ ತುಂಡು ಇರಲಿ, ಪ್ರೋಟೀನನ್ನು ನಿಯಮಿತವಾಗಿ ಕೊಡಿರಿ. ದೊಡ್ಡ ಪೋರ್ಸೆಲಿಯೊಗಳನ್ನು ಬೇರೆ ಡಬ್ಬಕ್ಕೆ ಸ್ಥಳಾಂತರಿಸುವುದು ಇನ್ನೂ ಒಳ್ಳೆಯದು. ಸಿಹಿಗುಂಬಳದ ಹೋಳನ್ನು ರಾತ್ರಿ ಇಟ್ಟರೆ ಬೆಳಗಿನ ಜಾವಕ್ಕೆ ಅದರಡಿಯಲ್ಲಿ ಗುಂಪುಗೂಡಿರುತ್ತವೆ, ಹೋಳಿನೊಡನೆ ಎತ್ತಿಕೊಳ್ಳಬಹುದು.

ಪ್ರಶ್ನೆ: ನಾನು ಡಾರ್ಟ್ ಕಪ್ಪೆಗಳ ವಿವೇರಿಯಂನಲ್ಲಿ ಸಣ್ಣ ಬಿಳಿ ಐಸೊಪಾಡ್‌ಗಳನ್ನು ಬಿಟ್ಟಿದ್ದೇನೆ. ಕಪ್ಪೆಯ ಹಿಕ್ಕೆ, ಸತ್ತ ಹಣ್ಣುನೊಣಗಳು ಅವುಗಳಿಗೆ ಸಾಕಲ್ಲವೇ?
– ಓದುಗರು, ನ್ಯೂಜೆರ್ಸಿ, ಅಮೆರಿಕ

ಉತ್ತರ: ಸಾಲದು. ನಿಮ್ಮಲ್ಲಿರುವುದು ಟ್ರೈಕೊರೈನ ಟೊಮೆಂಟೋಸ ಇರಬೇಕು. ಅಮೆರಿಕ ಖಂಡಗಳ ಉಷ್ಣವಲಯದ ಈ ಪ್ರಭೇದ ಅರ್ಧ ಸೆಂಟಿಮೀಟರಿಗಿಂತ ದೊಡ್ಡದಾಗುವುದಿಲ್ಲ ಮತ್ತು ಗಂಡಿಲ್ಲದೆಯೇ ಹೆಣ್ಣುಗಳು ಮರಿಮಾಡುತ್ತವೆ. ಅವು ಕಪ್ಪೆಗಳ ತ್ಯಾಜ್ಯವನ್ನು ತಿನ್ನುತ್ತವೆ, ಕಪ್ಪೆಗಳು ಅವನ್ನು ತಿನ್ನುತ್ತವೆ, ಅದರಿಂದ ಕಪ್ಪೆಗಳಿಗೆ ಕ್ಯಾಲ್ಸಿಯಂ ಕೂಡ ದೊರೆಯುತ್ತದೆ. ಆದರೆ ಕೆಲವೇ ಕಪ್ಪೆಗಳ ತ್ಯಾಜ್ಯದಿಂದ ಇಡೀ ಸಂಕುಲದ ಹೊಟ್ಟೆ ತುಂಬುವುದಿಲ್ಲ. ಶರತ್ಕಾಲದಲ್ಲಿ ನಿಮ್ಮ ಸುತ್ತ ಓಕ್, ಬೀಚ್, ಮೇಪಲ್ ಎಲೆಗಳು ಯಥೇಚ್ಛವಾಗಿ ಉದುರುತ್ತವೆ. ಕಳೆನಾಶಕ, ಕೀಟನಾಶಕ ಹಾಕುವ ಹುಲ್ಲುಹಾಸುಗಳಿಂದ ಮಾತ್ರ ಆರಿಸಬೇಡಿರಿ. ಮೇಪಲ್ ಬೇಗ ಕರಗುತ್ತದೆ, ಓಕ್ ಬಹಳ ದಿನ ಬಾಳುತ್ತದೆ. ದಪ್ಪ ಎಲೆಹಾಸಿನ ಅಡಿಯಲ್ಲಿ ಕಪ್ಪೆಗಳಿಗೆ ಸಿಗದೆ ಐಸೊಪಾಡ್‌ಗಳು ಮರಿಮಾಡಲೂ ಜಾಗವಿರುತ್ತದೆ.

ಪ್ರಶ್ನೆ: ನಮ್ಮ ಅಡಿಕೆ ತೋಟದಲ್ಲಿ ಮುಟ್ಟಿದರೆ ಗೋಲಿಯಂತೆ ಉಂಡೆಯಾಗುವ, ಹೊಳೆಯುವ ಕಂದು ಜೀವಿಗಳಿವೆ. ಇವನ್ನು ಐಸೊಪಾಡ್‌ಗಳೊಡನೆ ಸಾಕಿ ಅದೇ ಆಹಾರ ಕೊಡಬಹುದೇ?
– ಓದುಗರು, ಶಿರಸಿ

ಉತ್ತರ: ಗೋಲಿಯಷ್ಟು ದೊಡ್ಡದಾಗಿದ್ದರೆ ಅವು ಐಸೊಪಾಡ್‌ಗಳಲ್ಲ, ಪಶ್ಚಿಮಘಟ್ಟದ ಆರ್ತ್ರೊಸ್ಫೀರ ಕುಲಕ್ಕೆ ಸೇರಿದ ಸಹಸ್ರಪದಿಗಳು. ಕಾಲುಗಳನ್ನು ಎಣಿಸಿ ನೋಡಿರಿ: ಐಸೊಪಾಡ್‌ಗೆ ಏಳು ಜೊತೆ, ಇವಕ್ಕೆ ಅದರ ಎರಡು ಪಟ್ಟಿಗಿಂತಲೂ ಹೆಚ್ಚು. ಇವೂ ತರಗೆಲೆ ತಿನ್ನುವವೇ. ತೋಟದ ತ್ಯಾಜ್ಯವನ್ನು ಗೊಬ್ಬರವಾಗಿಸುವ ಇವುಗಳ ಸಾಮರ್ಥ್ಯವನ್ನು ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನ ಮಾಡಿದ್ದಾರೆ. ಆದರೆ ಇವು ಎಲೆಯೊಡನೆ ತಾವು ಹುಟ್ಟಿದ ನೆಲದ ಮಣ್ಣನ್ನೂ ತಿನ್ನುತ್ತವೆ, ನಿಧಾನವಾಗಿ ಬೆಳೆಯುತ್ತವೆ, ಪೆಟ್ಟಿಗೆಯಲ್ಲಿ ಬಾಳುವುದು ಕಷ್ಟ. ತೋಟದಲ್ಲಿಯೇ ಬಿಡಿರಿ, ಅಲ್ಲಿ ಅವುಗಳಿಂದ ನಿಮಗೆ ಉಪಯೋಗವೂ ಇದೆ.

ಪ್ರಶ್ನೆ: ಒಂದು ಐಸೊಪಾಡ್ ಇದ್ದಕ್ಕಿದ್ದಂತೆ ಹೊಳೆಯುವ ನೇರಳೆ ಬಣ್ಣಕ್ಕೆ ತಿರುಗಿದೆ. ಬೀಟ್‌ರೂಟ್ ತಿಂದದ್ದರಿಂದ ಹೀಗಾಗಿರಬಹುದೇ?
– ಓದುಗರು, ಮಂಗಳೂರು

ಉತ್ತರ: ಆಹಾರದ ಬಣ್ಣ ಕವಚಕ್ಕೆ ಹೀಗೆ ಹತ್ತುವುದಿಲ್ಲ. ಬೂದು ಅಥವಾ ಕಪ್ಪಾಗಿದ್ದ ಐಸೊಪಾಡ್ ಮಿನುಗುವ ನೀಲಿ, ನೇರಳೆಗೆ ತಿರುಗಿದರೆ ಅದು ಇರಿಡೊವೈರಸ್ ಸೋಂಕು. ಜೀವಕೋಶಗಳಲ್ಲಿ ವೈರಸ್ ಕಣಗಳು ಹರಳಿನಂತೆ ಒತ್ತಾಗಿ ಜೋಡಣೆಗೊಂಡು ಬೆಳಕನ್ನು ಚದುರಿಸುವುದರಿಂದ ಆ ಬಣ್ಣ ಕಾಣುತ್ತದೆ. ಇದಕ್ಕೆ ಚಿಕಿತ್ಸೆಯಿಲ್ಲ, ಸೋಂಕು ತಗಲಿದ್ದು ಬದುಕುವುದಿಲ್ಲ. ಐಸೊಪಾಡ್‌ಗಳು ಸತ್ತ ತಮ್ಮವರನ್ನು ತಿನ್ನುವ ಸ್ವಭಾವದವು. ರೋಗ ಹರಡಲು ಅದೇ ದಾರಿಯಾಗುತ್ತದೆ. ಆ ಒಂದನ್ನು ಈಗಲೇ ಬೇರ್ಪಡಿಸಿ, ಉಳಿದವುಗಳನ್ನು ದಿನವೂ ಗಮನಿಸಿ, ಸತ್ತದ್ದು ಕಂಡರೆ ತಕ್ಷಣ ತೆಗೆಯಿರಿ. ಈ ಡಬ್ಬದ ಎಲೆ, ಮಣ್ಣು, ಚಿಮಟಗಳನ್ನು ಬೇರೆ ಡಬ್ಬಕ್ಕೆ ಬಳಸಬೇಡಿರಿ. ಮನುಷ್ಯರಿಗೆ ಇದರಿಂದ ಅಪಾಯವಿಲ್ಲ. ಪುಡಿ ಹಚ್ಚಿದಂತೆ ಕಾಣುವ ತಿಳಿನೀಲಿ ಬಣ್ಣ ಹುಟ್ಟಿನಿಂದಲೇ ಇರುವ ಪೋರ್ಸೆಲಿಯೊನಿಡಿಸ್ ಪ್ರುಯಿನೋಸಸ್ ನಿಮ್ಮಲ್ಲಿದ್ದರೆ ಮಾತ್ರ ಹೆದರಬೇಕಾಗಿಲ್ಲ.

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಮೂರು ವಾರ ಊರಿಗೆ ಹೋಗಬೇಕಾಗಿದೆ. ಐಸೊಪಾಡ್‌ಗಳಿಗೆ ಎಷ್ಟು ಆಹಾರ ಇಟ್ಟು ಹೋಗಬೇಕು?
– ಓದುಗರು, ತುಮಕೂರು

ಉತ್ತರ: ತರಕಾರಿ, ಪ್ರೋಟೀನ್ ಯಾವುದನ್ನೂ ಇಟ್ಟು ಹೋಗಬೇಡಿರಿ. ನೀವಿಲ್ಲದಾಗ ಅದು ಕೊಳೆತು ನುಸಿ ಮತ್ತು ಅಮೋನಿಯಾಕ್ಕೆ ದಾರಿಯಾಗುತ್ತದೆ. ಹೊರಡುವ ಒಂದು ವಾರ ಮೊದಲೇ ಹೊಸ ತರಗೆಲೆಯನ್ನು ನೆನೆಸಿ ದಪ್ಪವಾಗಿ ಹಾಸಿ, ಒಂದೆರಡು ತುಂಡು ಬಿಳಿಕೊಳೆತ ಮರ ಮತ್ತು ಸಮುದ್ರಫೇನ ಇಡಿರಿ. ಮೂರು ವಾರಕ್ಕೆ ಅಷ್ಟೇ ಬೇಕಾದ ಆಹಾರ. ನಿಮ್ಮ ಊರಿನ ಏಪ್ರಿಲ್ ಬಿಸಿಲಿನಲ್ಲಿ ಹಸಿವಿಗಿಂತ ಒಣಗುವಿಕೆಯೇ ದೊಡ್ಡ ಅಪಾಯ. ಪಾಚಿಯ ಬದಿಗೆ ಮಣ್ಣಿನ ತಳದವರೆಗೆ ಇಳಿಯುವಂತೆ ನೀರು ಹಾಕಿ, ಗಾಳಿಕಿಂಡಿಗಳಲ್ಲಿ ಅರ್ಧವನ್ನಷ್ಟೇ ಮುಚ್ಚಿ, ಡಬ್ಬವನ್ನು ಬಿಸಿಲು ಬೀಳದ ಕೋಣೆಯ ನೆಲದ ಮೇಲೆ ಇಡಿರಿ. ನೆರೆಮನೆಯವರು ವಾರಕ್ಕೊಮ್ಮೆ ಪಾಚಿಗೆ ಒಂದು ಲೋಟ ನೀರು ಹಾಕಬಲ್ಲರಾದರೆ ಅಷ್ಟನ್ನು ಮಾತ್ರ ಕೇಳಿಕೊಳ್ಳಿರಿ, ಆಹಾರ ಹಾಕಲು ಹೇಳಬೇಡಿರಿ.